ಡೇಲಿಚ್ ಪಟ್ಟಣವೂ ಅದರ ಮುಂಗಡ ಸಂಘವೂ

ಡೇಲಿಚ್: ಜರ್ಮನಿಯ ಸ್ಯಾಕ್ಸನಿ ರಾಜ್ಯದಲ್ಲಿ, ಲೈಪ್‌ಜಿಗ್ ನಗರದ ಉತ್ತರಕ್ಕೆ ಸುಮಾರು 20 ಕಿಲೋಮೀಟರ್ ದೂರದಲ್ಲಿರುವ ಸಣ್ಣ ಪಟ್ಟಣ. 12ನೆಯ ಶತಮಾನದಿಂದಲೂ ದಾಖಲೆಗಳಲ್ಲಿ ಕಾಣುವ ಈ ಊರು ಬಹುಕಾಲ ಸ್ಯಾಕ್ಸನಿಯ ಅರಸರ ಅಧೀನದಲ್ಲಿದ್ದು 1815ರಲ್ಲಿ ಪ್ರಷ್ಯಕ್ಕೆ ಸೇರಿತು.

ಇಲ್ಲಿ ಹುಟ್ಟಿ, 1841ರಿಂದ ಇಲ್ಲಿಯೇ ನ್ಯಾಯಾಧೀಶನಾಗಿದ್ದ ಹೆರ್ಮಾನ್ ಷುಲ್ಟ್ಸೆ (1808–1883) 1846–47ರ ಕ್ಷಾಮದಲ್ಲಿ ಬಡವರ ಅನ್ನಕ್ಕಾಗಿ ದುಡಿದವನು. 1848ರಲ್ಲಿ ಪ್ರಷ್ಯದ ರಾಷ್ಟ್ರೀಯ ಸಭೆಗೆ ಚುನಾಯಿತನಾಗಿ, ಕೈಕಸುಬಿನವರ ಅಹವಾಲುಗಳನ್ನು ಪರಿಶೀಲಿಸುವ ಸಮಿತಿಯ ಅಧ್ಯಕ್ಷನಾದನು. ಅಂದಿನ ಪೌರ ಉಳಿತಾಯ ಬ್ಯಾಂಕುಗಳು ಬಡವರ ಠೇವಣಿಯನ್ನು ಸ್ವೀಕರಿಸುತ್ತಿದ್ದವಾದರೂ ಸಾಲವನ್ನು ಬಹುಮಟ್ಟಿಗೆ ಭೂಮಿಯ ಅಡಮಾನದ ಮೇಲೆಯೇ ಕೊಡುತ್ತಿದ್ದುದರಿಂದ, ನೆಲವಿಲ್ಲದ ಕುಶಲಕರ್ಮಿಗೆ ಬಡ್ಡಿ ವ್ಯಾಪಾರಿಯೇ ಗತಿಯಾಗಿದ್ದನು. ಚರ್ಮವನ್ನು ಸಗಟಾಗಿ ಕೊಳ್ಳಲೆಂದು 1849ರಲ್ಲಿ ಷುಲ್ಟ್ಸೆ ಡೇಲಿಚ್ಚಿನ ಚಮ್ಮಾರರ ಸಂಘವನ್ನೂ, 1850ರಲ್ಲಿ ಸಣ್ಣ ಸಾಲ ಕೊಡುವ ಮುಂಗಡ ಸಂಘವನ್ನೂ ಸ್ಥಾಪಿಸಿದನು.

ಸದಸ್ಯರೇ ಕೂಡಿ ನಡೆಸುವ ಸಾಲಸಂಸ್ಥೆಯಾದ ಆಧುನಿಕ ಜನತಾ ಬ್ಯಾಂಕು 1850ರಲ್ಲಿಯೇ ಡೇಲಿಚ್ಚಿನಲ್ಲಿ ಪರಿಪೂರ್ಣ ರೂಪದಲ್ಲಿ ಜನಿಸಿತೆಂಬ ರೂಢಮೂಲವಾದ ಹೇಳಿಕೆಯನ್ನು ಇಲ್ಲಿ ತಿದ್ದಬೇಕಾಗಿದೆ. ಮೊದಲ ಸಂಘವು ಉಳ್ಳವರ ದಾನವನ್ನೂ ಬಡ್ಡಿಯಿಲ್ಲದ ಸಾಲವನ್ನೂ ಅವಲಂಬಿಸಿದ್ದಿತು. ಸಾಲ ಪಡೆದವರಿಗೆ ಸಂಘದ ಋಣದಲ್ಲಿ ಯಾವ ಹೊಣೆಯೂ ಇರಲಿಲ್ಲ. ಷುಲ್ಟ್ಸೆ ದೂರದ ವ್ರೆಷೆನ್ ಎಂಬಲ್ಲಿಗೆ ವರ್ಗವಾದೊಡನೆ ಅದು ಕ್ಷೀಣಿಸಿತು. ಅದೇ 1850ರಲ್ಲಿ ನೆರೆಯ ಐಲೆನ್‌ಬುರ್ಗ್ ಪಟ್ಟಣದಲ್ಲಿ ವೈದ್ಯ ಬೆರ್ನ್‌ಹಾರ್ಡಿ ಮತ್ತು ಅವನ ಸಂಗಡಿಗರು ಕಟ್ಟಿದ ಸಾಲದ ಸಂಘದಲ್ಲಾದರೋ, ಸಾಲಗಾರರೇ ಸದಸ್ಯರಾಗಿ, ಎಲ್ಲರ ಋಣಕ್ಕೆ ಎಲ್ಲರೂ ತಮ್ಮ ಸಮಸ್ತ ಆಸ್ತಿಯಿಂದ ಹೊಣೆಯಾದರು. ಆ ಭರವಸೆಯ ಮೇಲೆ ಹೊರಗಿನವರು ನಿರ್ಭಯವಾಗಿ ಹಣವಿರಿಸಿದರು. ಹುದ್ದೆಯನ್ನು ತೊರೆದು ಮರಳಿದ ಷುಲ್ಟ್ಸೆ 1852ರಲ್ಲಿ ಡೇಲಿಚ್ ಸಂಘವನ್ನು ಈ ತತ್ತ್ವದ ಮೇಲೆಯೇ ಪುನಾರಚಿಸಿದನು. ಆದುದರಿಂದ ನಿಜವಾದ ಪರ್ವಕಾಲವೆಂದು 1852ನ್ನೇ ಎಣಿಸಬೇಕು, ಐಲೆನ್‌ಬುರ್ಗಿಗೆ ಸಲ್ಲಬೇಕಾದ ಗೌರವವನ್ನೂ ಸಲ್ಲಿಸಬೇಕು. ವುರ್ಟೆಂಬೆರ್ಗಿನ ಓಹ್ರಿಂಗನ್ನಿನಲ್ಲಿ 1843ರಲ್ಲಿ ಹುಟ್ಟಿದ ಉಳಿತಾಯ ಮತ್ತು ಸಾಲದ ನಿಧಿಯೂ ಪ್ರಾಥಮ್ಯವನ್ನು ಕೋರುತ್ತದೆ. ಚದುರಿದ್ದ ಪ್ರಯೋಗಗಳನ್ನು ಒಂದು ಪದ್ಧತಿಯಾಗಿ ನಿಲ್ಲಿಸಿದ ಶ್ರೇಯಸ್ಸು ಮಾತ್ರ ನಿರ್ವಿವಾದವಾಗಿ ಷುಲ್ಟ್ಸೆಯದು: 1855ರಲ್ಲಿ ಅವನ ಗ್ರಂಥ, 1859ರಲ್ಲಿ ವೈಮಾರಿನಲ್ಲಿ ಸಂಘಗಳ ಸಮ್ಮೇಳನ, 1867ರಲ್ಲಿ ಪ್ರಷ್ಯದ ಸಹಕಾರ ಶಾಸನ. ಗೊತ್ತುಪಡಿಸಿದ ಮೊತ್ತಕ್ಕಷ್ಟೇ ಸಲ್ಲುವ ಪರಿಮಿತ ಹೊಣೆಗೆ ಜರ್ಮನಿಯಾದ್ಯಂತ ಅನುಮತಿ ದೊರೆತುದು ಅವನ ಮರಣಾನಂತರ, 1889ರ ಕಾನೂನಿನಿಂದ.

ಎರಡನೆಯ ಮಹಾಯುದ್ಧಾನಂತರ ಪೂರ್ವ ಜರ್ಮನಿಗೆ ಸೇರಿದ್ದ ಪಟ್ಟಣದಲ್ಲಿ, ದೇಶದ ಏಕೀಕರಣವಾದ ಮೇಲೆ, 1992ರಲ್ಲಿ ಷುಲ್ಟ್ಸೆಯ ಸ್ಮಾರಕ ವಸ್ತುಸಂಗ್ರಹಾಲಯ ತೆರೆಯಿತು.

ಸಂಘದ ಋಣಕ್ಕೆ ಸದಸ್ಯರ ಹೊಣೆ ಪರಿಮಿತವೋ ಅಪರಿಮಿತವೋ ಎಂಬ ಪ್ರಶ್ನೆ ಭಾರತವನ್ನೂ ಮುಟ್ಟಿತು. ಜರ್ಮನಿ ಮೊದಲಾದೆಡೆಯ ಸಂಘಗಳನ್ನು ಕುರಿತ, ಮದರಾಸಿನ ಅಧಿಕಾರಿ ಫ್ರೆಡರಿಕ್ ನಿಕಲ್ಸನ್ನರ ವರದಿಯ ತರುವಾಯ ಬಂದ 1904ರ ಸಹಕಾರಿ ಪತ್ತಿನ ಸಂಘಗಳ ಕಾನೂನು ಗ್ರಾಮ ಸಂಘಗಳಿಗೆ ಸಾಮಾನ್ಯವಾಗಿ ಜರ್ಮನಿಯ ಗ್ರಾಮೀಣ ಸಾಲದ ಸಂಘಗಳ ಪ್ರವರ್ತಕ ರೈಫೈಸನ್ನನ ಮಾದರಿಯ ಅಪರಿಮಿತ ಹೊಣೆಯನ್ನು ವಿಧಿಸಿ, ಪಟ್ಟಣದ ಸಂಘಗಳಿಗೆ ಆಯ್ಕೆಯನ್ನು ಬಿಟ್ಟಿತು. ಮರುವರ್ಷವೇ ಗದಗ ಬಳಿಯ ಕಣಗಿನಹಾಳದಲ್ಲಿ ಸಹಕಾರಿ ಪತ್ತಿನ ಸಂಘ ಸ್ಥಾಪಿತವಾಯಿತು.