ಸೋರುವ ಗಾಳಿಯ ಬೆನ್ನು ಹತ್ತಿದವರು

ಪ್ರಕೃತಿಗೆ ಬರಿದು ಜಾಗವೆಂದರೆ ಆಗದು ಎಂದು ಅರಿಸ್ಟಾಟಲನ ಅನುಯಾಯಿಗಳು ಶತಮಾನಗಳ ಕಾಲ ಪಾಠ ಹೇಳಿಕೊಂಡು ಬಂದಿದ್ದರು. ಅದನ್ನು ಮೊದಲು ಅಲುಗಾಡಿಸಿದ್ದು ನೀರೆತ್ತುವ ಪಂಪು. ಎಷ್ಟೇ ಬಿಗಿಯಾಗಿ ಮಾಡಿದರೂ ಹೀರುವ ಪಂಪಿನಲ್ಲಿ ನೀರು ಸುಮಾರು ಹತ್ತು ಮೀಟರಿಗಿಂತ ಮೇಲೆ ಏರುತ್ತಿರಲಿಲ್ಲ. ಗೆಲಿಲಿಯೊ 1638ರ ಪುಸ್ತಕದಲ್ಲಿ ಇದನ್ನು ಪ್ರಸ್ತಾಪಿಸಿದನಾದರೂ, ನೀರಿನ ಕಂಬ ತನ್ನದೇ ಭಾರಕ್ಕೆ ಕಡಿದು ಬೀಳುತ್ತದೆ ಎಂದು ತಪ್ಪು ಕಾರಣ ಕೊಟ್ಟ.

ಸರಿಯಾದ ಕಾರಣ ಹೊಳೆದದ್ದು ಟೊರಿಚೆಲ್ಲಿ ಎಂಬ ವಿಜ್ಞಾನಿಗೆ. ಒಂದು ಕಡೆ ಮುಚ್ಚಿದ ಗಾಜಿನ ನಳಿಗೆಯಲ್ಲಿ ಪಾದರಸ ತುಂಬಿ, ಪಾದರಸದ ಬಟ್ಟಲಿನಲ್ಲಿ ತಲೆಕೆಳಗಾಗಿ ನಿಲ್ಲಿಸಿದರೆ ಅದು ಸುಮಾರು 76 ಸೆಂ.ಮೀ. ಎತ್ತರಕ್ಕೆ ಇಳಿದು ನಿಲ್ಲುತ್ತದೆ. ಅದನ್ನು ಎತ್ತಿ ಹಿಡಿದಿರುವುದು ಹೊರಗಿನ ಗಾಳಿಯ ಭಾರ ಎಂದು ಆತ 1644ರಲ್ಲಿ ಗೆಳೆಯನಿಗೆ ಬರೆದ. ಹಾಗಾದರೆ ಬೆಟ್ಟದ ಮೇಲೆ ಪಾದರಸ ಇನ್ನೂ ಕೆಳಗಿಳಿಯಬೇಕಲ್ಲ? 1648ರಲ್ಲಿ ಫ್ರಾನ್ಸಿನ ಪ್ಯುಯಿ ದ ಡೋಮ್ ಬೆಟ್ಟ ಹತ್ತಿ ನೋಡಿದವನು ವಿಜ್ಞಾನಿ ಪಾಸ್ಕಲನ ಭಾವ ಪೆರಿಯೆ. ಪಾದರಸ ಎಂಟು ಸೆಂ.ಮೀ.ಗೂ ಹೆಚ್ಚು ಇಳಿದಿತ್ತು. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ನಮ್ಮ ಬೆಂಗಳೂರಿನಲ್ಲೂ ಅದು ನಿಲ್ಲುವುದು 68 ಸೆಂ.ಮೀ. ಆಸುಪಾಸಿನಲ್ಲೇ.

ಜರ್ಮನಿಯ ಮಾಗ್ಡೆಬರ್ಗ್ ನಗರದ ಮೇಯರ್ ಓಟೊ ಫಾನ್ ಗೆರಿಕೆಗೆ ಪಾದರಸ ಇಳಿದಾಗ ನಳಿಗೆಯ ತುದಿಯಲ್ಲಿ ಉಳಿಯುವ ಅಷ್ಟು ಸಣ್ಣ ಬರಿದು ಜಾಗ, ಅಂದರೆ ನಿರ್ವಾತ, ಸಾಲಲಿಲ್ಲ. ಮರದ ಪೀಪಾಯಿಗೆ ನೀರು ತುಂಬಿ, ಬಲಿಷ್ಠ ಆಳುಗಳಿಂದ ಪಂಪು ಎಳೆಸಿದ. ಮರದ ಸಂದುಗಳಲ್ಲಿ ಗಾಳಿ ಸುಯ್ಯೆಂದು ಒಳನುಗ್ಗಿತು. ತಾಮ್ರದ ಗೋಳ ತಂದರೆ ಅದು ದೊಡ್ಡ ಸದ್ದಿನೊಡನೆ ನಜ್ಜುಗುಜ್ಜಾಯಿತು. ಕೊನೆಗೆ ಕೈಗೆ ಬಂದದ್ದು ಸುಮಾರು ಅರ್ಧ ಮೀಟರ್ ವ್ಯಾಸದ ಎರಡು ಅರ್ಧಗೋಳಗಳು. ಸೋರದಂತೆ ನಡುವೆ ಮೇಣ, ಟರ್ಪೆಂಟೈನಿನಲ್ಲಿ ನೆನೆಸಿದ ಚರ್ಮದ ಬಳೆ. ಒಳಗಿನ ಗಾಳಿ ತೆಗೆದು, ಎರಡೂ ಕಡೆ ಎಂಟೆಂಟು ಕುದುರೆ ಕಟ್ಟಿ ಎಳೆಸಿದ ಆ ಪ್ರದರ್ಶನ ಲೋಕಪ್ರಸಿದ್ಧ. ನಿಜಕ್ಕೂ ಒಂದು ಕಡೆ ಗೋಡೆಗೆ ಕಟ್ಟಿ ಎಂಟೇ ಕುದುರೆಗಳಿಂದ ಎಳೆಸಿದ್ದರೂ ಬಲ ಅಷ್ಟೇ ಇರುತ್ತಿತ್ತು. ಆದರೆ ನೋಡುವವರಿಗೆ ಹದಿನಾರರ ಗತ್ತೇ ಬೇರೆ.

ಗೆರಿಕೆಯ ಸುದ್ದಿ ಕೇಳಿ ಇಂಗ್ಲೆಂಡಿನ ರಾಬರ್ಟ್ ಬಾಯ್ಲ್ ಉತ್ಸಾಹಗೊಂಡ. ಹಣ ಅವನದು, ಕೈಚಳಕ ಇಪ್ಪತ್ತರ ಹರೆಯದ ಸಹಾಯಕ ರಾಬರ್ಟ್ ಹುಕ್‌ನದು. ಮೇಲೆ ಗಾಜಿನ ದೊಡ್ಡ ಬುರುಡೆ, ಕೆಳಗೆ ಹಿತ್ತಾಳೆಯ ಸಿಲಿಂಡರ್, ಚರ್ಮ ಸುತ್ತಿದ ಪಿಸ್ಟನ್, ಅದನ್ನು ಇಳಿಸಲು ಹಲ್ಲುಚಕ್ರ ಮತ್ತು ಹಿಡಿಕೆ. ಸಂದುಗಳಿಗೆ ಅಡುಗೆಯ ಎಣ್ಣೆ ಸುರಿದರೂ ಗಾಳಿ ನುಸುಳುತ್ತಲೇ ಇತ್ತು. ಗೆರಿಕೆಯ ಯಂತ್ರಕ್ಕಿಂತ ಇದರ ಹೆಚ್ಚುಗಾರಿಕೆ ಇಷ್ಟು: ಒಳಗೆ ವಸ್ತುವನ್ನಿಟ್ಟು ಏನಾಗುತ್ತದೆಂದು ಕಣ್ಣಾರೆ ಕಾಣಬಹುದಿತ್ತು.

1660ರ ಪುಸ್ತಕದಲ್ಲಿ ಬಾಯ್ಲ್ 43 ಪ್ರಯೋಗಗಳನ್ನು ವಿವರಿಸಿದ. ದಾರಕ್ಕೆ ತೂಗುಹಾಕಿದ ಗಡಿಯಾರದ ಟಿಕ್‌ಟಿಕ್ ಅಡಗಿತು, ಮೇಣದ ಬತ್ತಿ ಆರಿತು, ಪಾಪದ ಹಕ್ಕಿಗಳು ಒದ್ದಾಡಿ ಸತ್ತವು. ಇವೆಲ್ಲಕ್ಕಿಂತ ಮೇಲಿನದು ಟೊರಿಚೆಲ್ಲಿಯ ನಳಿಗೆಯನ್ನೇ ಬುರುಡೆಯೊಳಗೆ ಇಳಿಸಿದ ಪ್ರಯೋಗ. ಪಂಪು ತಿರುಗಿಸಿದಂತೆಲ್ಲ ಪಾದರಸ ಮೆಟ್ಟಿಲು ಮೆಟ್ಟಿಲಾಗಿ ಇಳಿಯಿತು. ಗಾಳಿ ಬಿಟ್ಟಾಗ ಮತ್ತೆ ಏರಿತು. ಗಾಳಿಯ ಒತ್ತಡಕ್ಕೆ ಇದಕ್ಕಿಂತ ನೇರ ಸಾಕ್ಷಿ ಬೇಕಿರಲಿಲ್ಲ. ಆದರೂ ಲೈನಸ್ ಎಂಬ ಜೆಸ್ಯುಟ್ ಪಾದ್ರಿ, ಪಾದರಸವನ್ನು ಕಾಣದ ಎಳೆಯೊಂದು ಮೇಲಿಂದ ಎಳೆದು ಹಿಡಿದಿದೆ ಎಂದು ವಾದಿಸಿದ. ಅವನಿಗೆ ಉತ್ತರ ಕೊಡಲು ಬಾಯ್ಲ್ ಬಾಗಿದ ನಳಿಗೆಯಲ್ಲಿ ಗಾಳಿಯನ್ನು ಅದುಮಿ, ಅಳೆದು, ಪಟ್ಟಿ ಮಾಡಿದ. ಒತ್ತಡ ಇಮ್ಮಡಿಯಾದರೆ ಗಾತ್ರ ಅರ್ಧ: 1662ರಲ್ಲಿ ಪ್ರಕಟವಾದ ಈ ಲೆಕ್ಕವೇ ಶಾಲೆಯ ಪುಸ್ತಕದ ಬಾಯ್ಲನ ನಿಯಮ. ಈ ಊಹೆ ಟೌನ್ಲಿ ಎಂಬವನದೆಂದು ಬಾಯ್ಲನೇ ಬರೆದ. ಆದರೂ ನಿಯಮಕ್ಕೆ ಟೌನ್ಲಿಯ ಹೆಸರು ಉಳಿಯಲಿಲ್ಲ.

ಮುಂದಿನ ಕಥೆ ಪಂಪುಗಳದ್ದೇ. 1865ರಲ್ಲಿ ಸ್ಪ್ರೆಂಗೆಲ್ ಎಂಬವನು ಪಾದರಸದ ಹನಿಗಳಿಂದಲೇ ಗಾಳಿ ಸೆಳೆಯುವ ಪಂಪು ಮಾಡಿದ. ಎಡಿಸನ್ನನ ಬಲ್ಬಿನ ತಂತಿ ಬೇಗ ಸುಟ್ಟುಹೋಗದಿದ್ದುದು ಅಂಥ ಪಂಪುಗಳ ದಯೆಯಿಂದ. 1895ರಲ್ಲಿ ರಂಟ್ಜೆನ್ ಕಂಡ ಎಕ್ಸ್-ರೇ, 1897ರಲ್ಲಿ ಥಾಮ್ಸನ್ ಗುರುತಿಸಿದ ಎಲೆಕ್ಟ್ರಾನ್ ಎರಡೂ ಗಾಳಿ ತೆಗೆದ ಗಾಜಿನ ಕೊಳವೆಗಳಿಂದಲೇ ಬಂದವು. ಇಂದು ಬೆಂಗಳೂರಿನ ಇಸ್ರೋ ಕೇಂದ್ರದಲ್ಲಿ ಉಪಗ್ರಹಗಳನ್ನು ಹಾರಿಸುವ ಮುನ್ನ ಬೃಹತ್ ನಿರ್ವಾತ ಕೋಣೆಗಳಲ್ಲಿಟ್ಟು ಬಿಸಿಲು, ಚಳಿ ಎರಡಕ್ಕೂ ಒಡ್ಡಿ ಪರೀಕ್ಷಿಸುತ್ತಾರೆ.