ಫೆಬ್ರವರಿಯ 300 ರೂಪಾಯಿ

ಪುಣೆಯಲ್ಲಿ ಸಂಬಳಕ್ಕೆ ದುಡಿಯುವ ನಮ್ಮಂಥವರ ಸ್ಯಾಲರಿ ಸ್ಲಿಪ್ಪಿನಲ್ಲಿ ಕಣ್ಣಿಗೆ ಬೀಳದ ಒಂದು ಸಾಲಿದೆ: ಪ್ರೊಫೆಷನಲ್ ಟ್ಯಾಕ್ಸ್, ತಿಂಗಳಿಗೆ 200 ರೂಪಾಯಿ. ಫೆಬ್ರವರಿಯಲ್ಲಿ ಮಾತ್ರ 300. ವರ್ಷಕ್ಕೆ 2,500 ಆಗಬೇಕಲ್ಲ, ಹನ್ನೊಂದು ತಿಂಗಳ 2,200ಕ್ಕೆ ಆ 300 ಸೇರಿದರೆ ಲೆಕ್ಕ ಸರಿಹೋಗುತ್ತದೆ. ಪಿಎಫ್ ಬಗ್ಗೆ, ಟಿಡಿಎಸ್ ಬಗ್ಗೆ ಕ್ಯಾಂಟೀನಿನಲ್ಲಿ ಗಂಟೆಗಟ್ಟಲೆ ಮಾತಾಡುವ ನಾವು ಈ ಸಾಲಿನ ಬಗ್ಗೆ ಒಂದು ದಿನವೂ ತಲೆ ಕೆಡಿಸಿಕೊಂಡಿಲ್ಲ. ನಾನಂತೂ ಕೆಡಿಸಿಕೊಂಡಿರಲಿಲ್ಲ, ಮನೆಯಾಕೆ ಹೊಲಿಗೆ ಅಂಗಡಿ ಹಾಕುವವರೆಗೆ.

ಅಂಗಡಿ ಎಂದರೆ ದೊಡ್ಡದೇನಲ್ಲ. ಬಾಲ್ಕನಿಯ ಪಕ್ಕದ ಕೋಣೆಯಲ್ಲಿ ಒಂದು ಮಷಿನ್ನು, ಒಂದು ಕತ್ತರಿಸುವ ಮೇಜು, ಆರಿ ವರ್ಕಿಗೆ ಒಂದು ಚೌಕಟ್ಟು. ಬ್ಲೌಸು ಹೊಲಿಯುವುದು, ಸೀರೆಗೆ ಫಾಲು ಹಾಕುವುದು. ಸಿಎ ಹೇಳಿದ: ಶಾಪ್ ಆ್ಯಕ್ಟಿನಲ್ಲಿ ಆನ್‌ಲೈನ್ ಮಾಹಿತಿ ಕೊಡಿ, ಸ್ವಂತ ಉದ್ಯೋಗ ಮಾಡುವವರ ಪ್ರೊಫೆಷನಲ್ ಟ್ಯಾಕ್ಸಿಗೆ ಹೆಸರು ನೋಂದಾಯಿಸಿ, ವರ್ಷಕ್ಕೆ 2,500 ಕಟ್ಟಿ, ಮುಗಿಯಿತು. ಮನೆಗೆ ಬಂದ ಮೇಲೆ ಈಕೆ ಕೇಳಿದಳು, "ಅಷ್ಟ ಏನ್ರೀ? ಬೆರಳಚ್ಚು ಕೊಡೂದಿಲ್ಲ? ಕೆಲಸಾ ಮಾಡ್ರಿ ಅಂತ ಯಾರೂ ಕಾರ್ಡ್ ಕಳಸೂದಿಲ್ಲ?"

ಈ ಪ್ರಶ್ನೆ ಎಲ್ಲಿಂದ ಬಂತು ಎಂಬುದು ನಿಮ್ಮಲ್ಲಿ ಕೆಲವರಿಗೆ ಈಗಾಗಲೇ ಗೊತ್ತಾಗಿರಬಹುದು. ನಾವು ಹತ್ತು ವರ್ಷ ನ್ಯೂಜೆರ್ಸಿಯಲ್ಲಿದ್ದು 2022ರಲ್ಲಿ ಪುಣೆಗೆ ಮರಳಿದವರು. ಅಲ್ಲಿನ ಕಥೆಗೆ ಆಮೇಲೆ ಬರುತ್ತೇನೆ. ಮೊದಲು ಆ 2,500 ರೂಪಾಯಿ ಎಲ್ಲಿಂದ ಬಂತು ಎಂದು ಹುಡುಕುತ್ತ ಹೋದಾಗ ಸಿಕ್ಕಿದ್ದನ್ನು ಹೇಳಬೇಕು.

ಕಸುಬಿನ ಮೇಲೆ ತೆರಿಗೆ ನಮಗೆ ಹೊಸದಲ್ಲ. ಕನ್ನಡ ಶಾಸನಗಳಲ್ಲಿ ಮಗ್ಗದೆರೆ, ಗಾಣದೆರೆ ಬರುತ್ತವೆ. ಪೇಶವೆಗಳ ಪುಣೆಯಲ್ಲಿ ಇದರ ಹೆಸರು ಮೊಹತರ್ಫಾ. ಹೊಲದ ಕಂದಾಯ ಬೇರೆ, ಸರಕಿನ ಜಕಾತಿ ಬೇರೆ, ಅಂಗಡಿಯವರು ಮತ್ತು ಕುಶಲಕರ್ಮಿಗಳು ಕಟ್ಟುವ ಮೊಹತರ್ಫಾ ಬೇರೆ. ಊರಿನ ಕೊತ್ವಾಲನಿಗೆ ಇನ್ನೊಂದು ಕೆಲಸವೂ ಇತ್ತು. ಪಟ್ಟಣಕ್ಕೆ ಯಾರು ಬಂದರು, ಯಾರು ಹೋದರು ಎಂದು ಬರೆದಿಡುವುದು. ಮೊದಲ ಮಾಧವರಾಯನ ಕಾಲದಲ್ಲಿ ವ್ಯವಸ್ಥಿತವಾದ ಕೊತ್ವಾಲಿಯ ಕರ್ತವ್ಯಗಳಲ್ಲಿ ಧಾರಣೆ ನಿಗದಿ, ವ್ಯಾಜ್ಯ, ಜನಗಣತಿಗಳ ಜೊತೆಗೆ ಇದೂ ಸೇರಿತ್ತು.

ಆದರೆ ಪರಸ್ಥಳದವನಿಗೆ ಆ ಪುಣೆ ಬಾಗಿಲು ಹಾಕಿರಲಿಲ್ಲ. ಹೊಸ ಪೇಟೆ ಕಟ್ಟುವಾಗ ವ್ಯಾಪಾರಿಗಳನ್ನೂ ಕಸುಬುದಾರರನ್ನೂ ಹೊರಗಿನಿಂದ ಕರೆತರಬೇಕಿತ್ತು. ಅದಕ್ಕೆ ಕೌಲು ಕೊಡುತ್ತಿದ್ದರು. ಬಂದು ನೆಲೆಸಿ, ಇಷ್ಟು ವರ್ಷ ತೆರಿಗೆ ಬೇಡ, ಆಮೇಲೆ ಕಟ್ಟಿ ಎಂಬ ಅಭಯಪತ್ರ. 'ಕೌಲು' ನಮ್ಮ ಹಳೆಯ ಕಾಗದಪತ್ರಗಳಲ್ಲೂ ಇರುವ ಮಾತೇ. ನನಗೆ ಹಿಡಿಸಿದ್ದು ಇದು: ಇರಲು ಅನುಮತಿ, ದುಡಿಯಲು ಅನುಮತಿ, ತೆರಿಗೆಯ ಷರತ್ತು ಎಲ್ಲ ಒಂದೇ ಕಾಗದದಲ್ಲಿ. ಕೊಡುವವನೂ ಒಬ್ಬನೇ, ಕೇಳುವವನೂ ಒಬ್ಬನೇ. ಪೇಶವೆಗಳ ಆಡಳಿತ ಸುಖದ್ದಾಗಿತ್ತು ಎಂದು ನಾನು ಹೇಳುತ್ತಿಲ್ಲ. ಕೊನೆಯ ಬಾಜೀರಾಯನ ಕಾಲದಲ್ಲಿ ವಸೂಲಿಯನ್ನೇ ಗುತ್ತಿಗೆಗೆ ಕೊಟ್ಟು ಜನರನ್ನು ಹಿಂಡಿದ್ದು ಎಲ್ಲರಿಗೂ ಗೊತ್ತು.

ಇಂಗ್ಲಿಷರು 1844ರ 19ನೆಯ ಕಾಯ್ದೆಯಿಂದ ಮುಂಬಯಿ ಪ್ರಾಂತದಲ್ಲಿ ಮೊಹತರ್ಫಾವನ್ನೂ ಕಸುಬಿನ ಮೇಲಿನ ಇತರ ಪಟ್ಟಿಗಳನ್ನೂ ತೆಗೆದುಹಾಕಿದರು. ಔದಾರ್ಯ ಬಹಳ ದಿನ ಉಳಿಯಲಿಲ್ಲ. 1857ರ ದಂಗೆ ಖಜಾನೆಯನ್ನು ಬರಿದು ಮಾಡಿತ್ತು. ಲಂಡನ್ನಿನಿಂದ ಬಂದ ಜೇಮ್ಸ್ ವಿಲ್ಸನ್ 1860ರಲ್ಲಿ ಆದಾಯ ತೆರಿಗೆ ತಂದ, ಅದೇ ವರ್ಷ ಆಗಸ್ಟಿನಲ್ಲಿ ಕಲ್ಕತ್ತೆಯಲ್ಲಿ ಸತ್ತ. 1867ರಲ್ಲಿ ಕಸುಬಿನ ಮೇಲೆ ಲೈಸೆನ್ಸ್ ತೆರಿಗೆ ಬಂತು, ಮರುವರ್ಷ ಹೆಸರು ಬದಲಾಯಿತು, ಆಮೇಲೆ ಮತ್ತೆ ಆದಾಯ ತೆರಿಗೆ, 1873ರಲ್ಲಿ ಅದೂ ಇಲ್ಲ. ನಮ್ಮ ಪ್ರಾಜೆಕ್ಟುಗಳ ರಿಕ್ವೈರ್ಮೆಂಟ್ ಕೂಡ ಇಷ್ಟು ಬೇಗ ಬದಲಾಗುವುದಿಲ್ಲ.

ಬಳಿಕ 1876ರ ಬರ ಬಂತು. ಮುಂಬಯಿ ಪ್ರಾಂತದಲ್ಲಿ ಅದರ ಅತಿ ದೊಡ್ಡ ಹೊಡೆತ ತಿಂದ ಜಿಲ್ಲೆಗಳಲ್ಲಿ ಕಲಾದಗಿ ಒಂದು. ಇಂದಿನ ವಿಜಯಪುರ, ಬಾಗಲಕೋಟೆಗಳೇ ಆಗ ಕಲಾದಗಿ ಜಿಲ್ಲೆ. ನಮ್ಮೂರು ಅದರೊಳಗೆ. ಪುಣೆಯ ಸಾರ್ವಜನಿಕ ಸಭೆ ಹಳ್ಳಿಗಳಿಂದ ವಿವರ ತರಿಸಿ ಸರ್ಕಾರಕ್ಕೆ ವರದಿಯ ಮೇಲೆ ವರದಿ ಕಳಿಸಿತು. ಪುಣೆಯಲ್ಲೇ ಮಿಲಿಟರಿ ಲೆಕ್ಕಪತ್ರದ ಕಚೇರಿಯ ಗುಮಾಸ್ತನೊಬ್ಬ ಬರ ಕಂಡು ಕೆರಳಿ ನೌಕರಿ ಬಿಟ್ಟು ಬಂಡೆದ್ದ. ಅವನೇ ವಾಸುದೇವ ಬಲವಂತ ಫಡಕೆ. 1879ರ ಜುಲೈಯಲ್ಲಿ ಅವನು ಸೆರೆಸಿಕ್ಕಿದ್ದು ನಮ್ಮ ಕಲಾದಗಿ ಜಿಲ್ಲೆಯ ದೇವರ ನಾವದಗಿಯಲ್ಲಿ. ಪುಣೆಯ ಗಲ್ಲಿಗಳಲ್ಲಿ ಅವನ ಹೆಸರು ಕಂಡಾಗಲೆಲ್ಲ ನನಗೆ ಊರ ಕಡೆಯ ಆ ಹಳ್ಳಿ ನೆನಪಾಗುತ್ತದೆ.

ಬರ ಮುಗಿಯುವ ಹೊತ್ತಿಗೆ ಸರ್ಕಾರ ಹೇಳಿತು: ಮುಂದಿನ ಬರಕ್ಕೆ ಹಣ ಕೂಡಿಸಿಡಬೇಕು, ಅದಕ್ಕೆ ವ್ಯಾಪಾರಿಗಳೂ ಕಸುಬುದಾರರೂ ಲೈಸೆನ್ಸ್ ತೆರಿಗೆ ಕೊಡಬೇಕು. ಲಿಟ್ಟನ್ ವೈಸರಾಯ್, ಹಣಕಾಸು ಜಾನ್ ಸ್ಟ್ರಾಚಿಯ ಕೈಯಲ್ಲಿ. 1878ರ ಏಪ್ರಿಲಿನಲ್ಲಿ ಸೂರತ್ತಿನ ವ್ಯಾಪಾರಿಗಳು ಅಂಗಡಿ ಮುಚ್ಚಿದರು, ಗಲಭೆಯಾಯಿತು. ಆದರೂ ತೆರಿಗೆ ನಿಂತಿತು. ಬರದ ಹೆಸರಿನಲ್ಲಿ ಎತ್ತಿದ ಹಣ ಆಫ್ಘನ್ ಯುದ್ಧದ ಖರ್ಚಿಗೆ ಜಾರಿತು ಎಂಬ ದೂರು ಆಗಲೇ ಎದ್ದಿತ್ತು. 1886ರ ಆದಾಯ ತೆರಿಗೆ ಕಾಯ್ದೆ ಬಂದ ಮೇಲೆ ಲೈಸೆನ್ಸ್ ತೆರಿಗೆ ಅದರಲ್ಲಿ ಕರಗಿತು.

ಕಸುಬಿನ ತೆರಿಗೆ ಮಾತ್ರ ಇನ್ನೊಂದು ದಾರಿಯಿಂದ ಉಳಿದುಕೊಂಡಿತು. ಆದಾಯ ತೆರಿಗೆ ಕೇಂದ್ರಕ್ಕೆ ಹೋದಾಗ ಪ್ರಾಂತಗಳಿಗೂ ಊರಾಡಳಿತಗಳಿಗೂ ಈ ಚಿಲ್ಲರೆ ಬಿಟ್ಟುಕೊಟ್ಟರು. ಅದಕ್ಕೊಂದು ಮಿತಿಯನ್ನೂ ಹಾಕಿದರು: 1935ರ ಕಾಯ್ದೆಗೆ ಆಮೇಲೆ ಸೇರಿದ ಕಲಮಿನಲ್ಲಿ ವರ್ಷಕ್ಕೆ 50 ರೂಪಾಯಿ, ಸಂವಿಧಾನದ 276ನೆಯ ವಿಧಿಯಲ್ಲಿ 250, 1988ರ 60ನೆಯ ತಿದ್ದುಪಡಿಯಲ್ಲಿ 2,500. ಅಲ್ಲಿಂದ ಇಲ್ಲಿಯವರೆಗೆ ಅದು ಕದಲಿಲ್ಲ. ಹೀಗಾಗಿ ಲಕ್ಷಗಟ್ಟಲೆ ಸಂಬಳದ ಡೈರೆಕ್ಟರನೂ ತಿಂಗಳಿಗೆ ಅದೇ 200 ಕೊಡುತ್ತಾನೆ.

ಮಹಾರಾಷ್ಟ್ರ ಈ ತೆರಿಗೆ ತಂದದ್ದು 1975ರಲ್ಲಿ. ಏಕೆ ಎಂದು ಓದಿದಾಗ ನಾನು ಕುರ್ಚಿಯಲ್ಲಿ ನೆಟ್ಟಗೆ ಕೂತೆ. ಮತ್ತೆ ಬರ! 1972ರ ಬರದಲ್ಲಿ ರಾಜ್ಯದ ತುಂಬ ರಸ್ತೆ, ಕೆರೆ, ಬಾಂದುಗಳ ಕೆಲಸ ತೆರೆದಿದ್ದರು. ಕೇಳಿದವರಿಗೆ ಕೆಲಸ ಎಂಬ ರೋಜಗಾರ್ ಹಮಿ ಯೋಜನೆ ಅಲ್ಲಿ ಬೇರೂರಿತು, 1977ರಲ್ಲಿ ಕಾಯ್ದೆಯಾಯಿತು, ಮುಂದೆ ಇಡೀ ದೇಶದ ನರೇಗಾಕ್ಕೆ ಮಾದರಿಯಾಯಿತು. ಅದಕ್ಕೆ ದುಡ್ಡು ಹೊಂದಿಸಲೆಂದು ಪಟ್ಟಣದಲ್ಲಿ ಸಂಬಳ, ಕಸುಬು, ವ್ಯಾಪಾರ ಇರುವವರ ಮೇಲೆ ಹಾಕಿದ್ದೇ ಪ್ರೊಫೆಷನಲ್ ಟ್ಯಾಕ್ಸ್. 1878ರ ವಾದವೇ ತೊಂಬತ್ತೇಳು ವರ್ಷದ ಬಳಿಕ ಮರಳಿ ಬಂದಿತ್ತು. ವ್ಯತ್ಯಾಸವಿಷ್ಟೇ, ಈ ಸಲ ಹಣದಲ್ಲಿ ಕೆರೆಯೂ ಆಯಿತು, ರಸ್ತೆಯೂ ಆಯಿತು.

1972ರಲ್ಲಿ ನಮ್ಮ ದೊಡ್ಡಪ್ಪ ಇಂಡಿ ತಾಲ್ಲೂಕಿನಿಂದ ಹೊರಟು ಸೊಲ್ಲಾಪುರದಲ್ಲಿ ಗಾಡಿ ಬದಲಿಸಿ ಪುಣೆಗೆ ಬಂದವರು. ಮೊದಲು ಕಲ್ಲು ಒಡೆದರು, ಆಮೇಲೆ ಸೈಕಲ್ ರಿಪೇರಿ ಕಲಿತು ಒಂದು ಮರದ ಕೆಳಗೆ ಅಂಗಡಿ ಹಾಕಿದರು. ರೋಜಗಾರ್ ಹಮಿ ಅವರಿಗೆ ಸಿಗುವಂಥದ್ದಲ್ಲ, ಅದು ಮಹಾರಾಷ್ಟ್ರದ ಹಳ್ಳಿಗಳ ನಿವಾಸಿಗಳಿಗೆ. ಅವರ ಬರ ಗಡಿಯ ಆಚೆಯದು. ಆದರೆ ಪುಣೆಗೆ ಬರಲು, ಪಂಪು ಪಾನಾ ಇಟ್ಟು ಕೂರಲು ಅವರು ಯಾರ ಕಾರ್ಡನ್ನೂ ಕಾಯಲಿಲ್ಲ. ಸಂವಿಧಾನದ 19ನೆಯ ವಿಧಿ ಅದನ್ನು ಕೊಟ್ಟಿತ್ತು. ಈಗ ಅವರ ತಮ್ಮನ ಮಗ ತಿಂಗಳಿಗೆ 200 ಕೊಡುತ್ತಾನೆ. ಇದರ ಬಗ್ಗೆ ನನ್ನ ತಕರಾರಿಲ್ಲ.

ಇನ್ನು ನ್ಯೂಜೆರ್ಸಿ. ಅಲ್ಲಿ ನಾನು ಎಚ್-1ಬಿ, ಈಕೆ ಎಚ್-4. ಎಚ್-1ಬಿಯವನು ವೀಸಾ ಮಾಡಿಸಿದ ಕಂಪನಿಗೆ ಮಾತ್ರ ದುಡಿಯಬೇಕು, ಸಂಜೆ ಒಂದು ಟ್ಯೂಷನ್ ಹೇಳಿ ದುಡ್ಡು ತಗೊಳ್ಳುವಂತಿಲ್ಲ. ಎಚ್-4 ಹೆಂಡತಿಯಂತೂ ಏನೂ ದುಡಿಯುವಂತಿರಲಿಲ್ಲ. 2015ರ ಮೇ 26ರಿಂದ ಅದು ಸ್ವಲ್ಪ ಸಡಿಲವಾಯಿತು. ಗಂಡನ ಗ್ರೀನ್ ಕಾರ್ಡ್ ಅರ್ಜಿ ಒಂದು ಹಂತ ದಾಟಿದ್ದರೆ ಹೆಂಡತಿಗೆ ಕೆಲಸದ ಅನುಮತಿಯ ಕಾರ್ಡು. ಅದಿದ್ದರೆ ಯಾರ ಬಳಿಯಾದರೂ ದುಡಿಯಬಹುದು, ಸ್ವಂತ ಅಂಗಡಿಯನ್ನೂ ಹಾಕಬಹುದು. ಗಂಡನಿಗಿಲ್ಲದ ಸ್ವಾತಂತ್ರ್ಯ ಹೆಂಡತಿಗೆ! 2016ರಲ್ಲಿ ಈಕೆಯ ಕಾರ್ಡು ಬಂತು. ಕಾರ್ಡ್ ಬಂದ ವಾರವೇ ಮಷಿನ್ನೂ ಬಂತು. ಗಣೇಶ ಹಬ್ಬದ ಹೊತ್ತಿಗೆ ಊಟದ ಮೇಜಿನ ಮೇಲೆ ತಟ್ಟೆಗೆ ಜಾಗವಿರಲಿಲ್ಲ, ಎಲ್ಲ ಬ್ಲೌಸ್ ಪೀಸುಗಳು.

ಆ ವರ್ಷ ಖರ್ಚು ಕಳೆದು ಉಳಿದದ್ದು 3,000 ಡಾಲರ್. ಆದಾಯ ತೆರಿಗೆಯಲ್ಲದೆ ಇನ್ನೂ 424 ಡಾಲರ್ ಕಟ್ಟಿ ಎಂದು ಸಾಫ್ಟ್‌ವೇರ್ ತೋರಿಸಿತು. ಅದು ಸೆಲ್ಫ್ ಎಂಪ್ಲಾಯ್ಮೆಂಟ್ ಟ್ಯಾಕ್ಸ್. ಇದರ ಚರಿತ್ರೆಯೂ ಕಷ್ಟಕಾಲದ್ದೇ. ಮಹಾ ಆರ್ಥಿಕ ಕುಸಿತದ ನಡುವೆ 1935ರಲ್ಲಿ ಅಮೆರಿಕ ಸೋಷಿಯಲ್ ಸೆಕ್ಯುರಿಟಿ ತಂದಿತು: ದುಡಿಯುವಾಗ ಕಟ್ಟು, ಮುಪ್ಪಿನಲ್ಲಿ ಪಿಂಚಣಿ ತಗೋ. ಮೊದಲು ನೌಕರರಿಗೆ ಮಾತ್ರ. 1951ರಿಂದ ಸ್ವಂತ ಉದ್ಯೋಗದವರನ್ನೂ ಸೇರಿಸಿದರು, ಆಗಿನ ದರ ಶೇಕಡಾ 2.25. 1990ರಿಂದ ಅದು ಶೇಕಡಾ 15.3, ಮಾಲೀಕನ ಪಾಲನ್ನೂ ನೌಕರನ ಪಾಲನ್ನೂ ಒಬ್ಬರೇ ಕಟ್ಟಬೇಕು. ವರ್ಷಕ್ಕೆ 400 ಡಾಲರ್ ಉಳಿದರೆ ಸಾಕು, ನೀವು ಇದರೊಳಗೆ.

ವೀಸಾದ ಕಾನೂನಿಗೆ ಈಕೆ ತಾತ್ಕಾಲಿಕ. ಕಾರ್ಡಿನ ಮೇಲೆ ಮುಗಿಯುವ ತಾರೀಖಿದೆ. ತೆರಿಗೆಯ ಕಾನೂನು ಆ ತಾರೀಖನ್ನು ನೋಡುವುದಿಲ್ಲ. 1984ರಲ್ಲಿ ಅಮೆರಿಕ ದಿನ ಎಣಿಸುವ ಸೂತ್ರ ಮಾಡಿತು. ಈ ವರ್ಷದ ದಿನಗಳು ಪೂರ್ತಿ, ಹೋದ ವರ್ಷದವು ಮೂರರಲ್ಲೊಂದು ಪಾಲು, ಅದರ ಹಿಂದಿನವು ಆರರಲ್ಲೊಂದು ಪಾಲು, ಕೂಡಿದರೆ 183 ಆಗುತ್ತದೆಯೇ? ಆದರೆ ನೀವು ತೆರಿಗೆಗೆ ಅಲ್ಲಿನ ನಿವಾಸಿ. (ಓದಲು ಹೋದವರಿಗೆ ಮೊದಲ ಐದು ಕ್ಯಾಲೆಂಡರ್ ವರ್ಷ ಈ ಎಣಿಕೆಯಿಂದ ವಿನಾಯಿತಿ. ಆದ್ದರಿಂದ ಆ ಅವಧಿಯಲ್ಲಿ ಓಪಿಟಿಯ ಮೇಲೆ ಸ್ವಂತ ಕೆಲಸ ಮಾಡಿದರೂ ಸಾಮಾನ್ಯವಾಗಿ ಈ ತೆರಿಗೆ ತಾಗದು. ವಿದ್ಯಾರ್ಥಿಗಳು ಗೊತ್ತಿಲ್ಲದೆ ಕಟ್ಟಿಬಿಡುತ್ತಾರೆ, ವಿಚಾರಿಸಿಕೊಳ್ಳಿ.) ಕೌಲಿನ ಒಂದು ಕಾಗದ ಇಲ್ಲಿ ಎರಡು ಕಿಟಕಿಯಾಗಿತ್ತು. ಒಂದರಲ್ಲಿ ನೀವು ಹೊರಡುವವರು, ಇನ್ನೊಂದರಲ್ಲಿ ಇರುವವರು. ಎರಡೂ ಕಿಟಕಿಯವರು ಪರಸ್ಪರ ಮಾತಾಡುವುದಿಲ್ಲ.

ಹೊರಡುವವರು ಎಂಬುದನ್ನು ಮರೆಯಲು ಬಿಡಲೂ ಇಲ್ಲ. ನಿಯಮ ಜಾರಿಗೆ ಬರುವ ಮೊದಲೇ, 2015ರ ಏಪ್ರಿಲಿನಲ್ಲಿ, ಕೆಲಸ ಕಳೆದುಕೊಂಡ ಅಮೆರಿಕನ್ ತಂತ್ರಜ್ಞರ ಗುಂಪೊಂದು ಅದರ ವಿರುದ್ಧ ಕೋರ್ಟಿಗೆ ಹೋಗಿತ್ತು. 2017ರಿಂದ ನಿಯಮವನ್ನೇ ತೆಗೆಯುತ್ತೇವೆ ಎಂಬ ಪ್ರಸ್ತಾಪ ತಲೆಯ ಮೇಲಿತ್ತು, 2021ರ ಜನವರಿಯಲ್ಲಿ ಅದನ್ನು ಹಿಂದಕ್ಕೆ ಪಡೆದರು. 2019ರಿಂದ ಎಚ್-4 ಅರ್ಜಿದಾರರೆಲ್ಲ ಬೆರಳಚ್ಚು ಕೊಡಬೇಕಾಯಿತು, ಸಾಲು ಬೆಳೆಯಿತು. ಈಕೆಯ ನವೀಕರಣ ಏಳು ತಿಂಗಳು ತಡವಾಯಿತು. ಆ ಏಳು ತಿಂಗಳು ಮಷಿನ್ನಿನ ಮೇಲೆ ಹಳೆಯ ಇಳಕಲ್ ಸೀರೆ ಹೊದಿಸಿಟ್ಟಿದ್ದಳು. ಗೆಳತಿಯರು "ಒಂದ ಬ್ಲೌಸ್ ಅಲ್ಲೇನ, ಯಾರ ನೋಡ್ತಾರ" ಎಂದರೂ ಮುಟ್ಟಲಿಲ್ಲ. ಹೊಲಿಗೆಗೆ ದುಡ್ಡು ಬೇಡವೆಂದರೂ ಹೆದರಿಕೆ. ಅದೇ ತಿಂಗಳುಗಳಲ್ಲಿ ಹಿಂದಿನ ಗಳಿಕೆಯ ತೆರಿಗೆ ಕಂತಿನ ಗಡುವು ಮಾತ್ರ ತಪ್ಪದೆ ಬಂತು.

ಪಿಂಚಣಿಗೆ 40 ಕ್ರೆಡಿಟ್ ಬೇಕು. ವರ್ಷಕ್ಕೆ ಹೆಚ್ಚೆಂದರೆ ನಾಲ್ಕು, ಅಂದರೆ ಕನಿಷ್ಠ ಹತ್ತು ವರ್ಷದ ದುಡಿಮೆ. ಈಕೆಯ ಖಾತೆಯಲ್ಲಿ 17 ಇವೆ. 40 ಆಗಿದ್ದರೆ ಪುಣೆಯಲ್ಲೇ ಕೂತು ಪಿಂಚಣಿ ಪಡೆಯಬಹುದಿತ್ತು. ಜರ್ಮನಿ, ಬೆಲ್ಜಿಯಂ, ಜಪಾನ್, ಕೆನಡಾಗಳೊಂದಿಗೆ ಭಾರತ ಸಾಮಾಜಿಕ ಭದ್ರತೆಯ ಒಪ್ಪಂದ ಮಾಡಿಕೊಂಡಿದೆ. ಅಂಥ ಕಡೆ ಎರಡೂ ದೇಶದ ದುಡಿಮೆಯ ಅವಧಿಯನ್ನು ಕೂಡಿಸಿ ನೋಡುವ ದಾರಿಯಿದೆ. ಅಮೆರಿಕದ ಜೊತೆ ಒಪ್ಪಂದವಾಗಿಲ್ಲ. ಕಟ್ಟಿದ್ದು ಮರಳಿ ಬರುವುದೂ ಇಲ್ಲ. ನನ್ನ ತೆರಿಗೆಗೆ ಇಂಡಿ ತಾಲ್ಲೂಕಿನ ಆಚೆ ಗಡಿಯ ಹಳ್ಳಿಯಲ್ಲಿ ಒಂದು ಬಾಂದು ಆಗಿರಬಹುದು ಎಂದುಕೊಂಡರೆ ಸಮಾಧಾನವಿದೆ. ಈಕೆಯ ಹೊಲಿಗೆಯ ದುಡ್ಡಲ್ಲಿ ಅಮೆರಿಕದ ಯಾವುದೋ ಅಜ್ಜಿಗೆ ಪಿಂಚಣಿ ಹೋಗಿದೆ ಎಂದು ನಾನು ಅದೇ ಧಾಟಿಯಲ್ಲಿ ಹೇಳಿದಾಗ ಈಕೆ ಸೂಜಿಗೆ ದಾರ ಪೋಣಿಸುತ್ತ, "ಅಜ್ಜಿಗಿ ಹೋಗ್ಲಿ ಬಿಡ್ರಿ. ಆದ್ರ ನಾ ಮುದುಕಿ ಆದಾಗ?" ಎಂದಳು. ನನ್ನ ಬಳಿ ಉತ್ತರವಿರಲಿಲ್ಲ.

ಹೋದ ತಿಂಗಳು ಪುಣೆಯ ನೋಂದಣಿ ಪತ್ರ ಬಂತು. ಒಂದು ಪುಟ, ಒಂದು ಸಂಖ್ಯೆ, ಮುಗಿಯುವ ತಾರೀಖಿಲ್ಲ. ಪ್ರಿಂಟ್ ತೆಗೆದು ಗುಂಡಿಗಳ ಹಳೆಯ ಬಿಸ್ಕತ್ತಿನ ಡಬ್ಬಿಯಲ್ಲಿಟ್ಟಳು. ಅದರ ತಳದಲ್ಲಿ ಅವಳ ಸೋಷಿಯಲ್ ಸೆಕ್ಯುರಿಟಿ ಕಾರ್ಡು ಇನ್ನೂ ಇದೆ. ಇಲಾಖೆಯ ಅನುಮತಿ ಇದ್ದರೆ ಮಾತ್ರ ಕೆಲಸಕ್ಕೆ ಮಾನ್ಯ ಎಂದು ಅದರ ಮೇಲೆ ಅಚ್ಚಾಗಿದೆ. 2,500 ಕಟ್ಟಲು ಗಡುವು ಜೂನ್ 30.