ಎಲೆ ಸಂಚಿಯ ಲೆಕ್ಕ: ಅರಮನೆಯ ತಾಂಬೂಲ ಕಾಫಿ ತೋಟಕ್ಕೆ ಬಂದ ಕತೆ

ಇವತ್ತಿನ ಸಂಚಿಕೆ ಒಂದು ಸಣ್ಣ ಚೀಲದ ಬಗ್ಗೆ. ಸಕಲೇಶಪುರ, ಆಲೂರು ಕಡೆ ತೋಟದ ಕೆಲಸಕ್ಕೆ ಹೋಗೋರ ಸೊಂಟದಲ್ಲಿ ಇರುತ್ತಲ್ಲ, ಎಲೆ ಅಡಿಕೆ ಸಂಚಿ, ಅದು. ಒಳಗೆ ನಾಲ್ಕು ವೀಳ್ಯದೆಲೆ, ಅಡಿಕೆ ಹೋಳು, ಸುಣ್ಣದ ಡಬ್ಬಿ, ಒಂದು ಚೂರು ಹೊಗೆಸೊಪ್ಪು. ಮಳೆ, ಚಳಿ, ಇಂಬಳ, ಇಳಿಜಾರು ಎಲ್ಲದರ ನಡುವೆ ದಿನವಿಡೀ ಕೆಲಸ ಮಾಡೋರು ಹೇಳೋ ಮಾತು ಒಂದೇ: "ಎಲೆ ಅಡಿಕೆ ಹಾಕ್ಕೊಂಡ್ರೆ ಮೈ ಬೆಚ್ಚಗಿರುತ್ತೆ, ಹಸಿವು ಗೊತ್ತಾಗಲ್ಲ."

ಇದೇ ಮಾತನ್ನ ದಕ್ಷಿಣ ಅಮೆರಿಕದ ಆಂಡೀಸ್ ಬೆಟ್ಟಗಳಲ್ಲೂ ಹೇಳ್ತಾರೆ. ಅಲ್ಲಿ ಎಲೆ ಬೇರೆ, ಕೋಕಾ. ಪೆರು, ಬೊಲಿವಿಯಾದ ರೈತರು, ಗಣಿ ಕೆಲಸಗಾರರು ಅದನ್ನ ಕೆನ್ನೆಯಲ್ಲಿಟ್ಟುಕೊಂಡು ಜೊತೆಗೆ ಸ್ವಲ್ಪ ಬೂದಿ ಅಥವಾ ಸುಣ್ಣ ಸೇರಿಸ್ತಾರೆ. ಒಂದಕ್ಕೊಂದು ಸಂಪರ್ಕವೇ ಇಲ್ಲದ ಎರಡು ಖಂಡಗಳ ಜನ ಒಂದೇ ಉಪಾಯ ಕಂಡುಕೊಂಡಿದ್ದರು. ಸುಣ್ಣ ಬಾಯಿಯ ಎಂಜಲನ್ನು ಕ್ಷಾರೀಯ ಮಾಡುತ್ತೆ. ಆಗ ಗಿಡದಲ್ಲಿರೋ ಸತ್ವ ಬಾಯಿಯ ಒಳಚರ್ಮದ ಮೂಲಕವೇ ಬೇಗ ರಕ್ತಕ್ಕೆ ಸೇರುತ್ತೆ. ಸುಣ್ಣ ಇಲ್ಲದಿದ್ರೆ "ಹಿಡಿಯೋದಿಲ್ಲ" ಅಂತಾರಲ್ಲ, ಕಾರಣ ಇದು.

ಈಗ ಇತಿಹಾಸಕ್ಕೆ ಬರೋಣ. ನಮ್ಮಲ್ಲಿ ತಾಂಬೂಲ ಮೊದಲು ದೊಡ್ಡವರ ಭೋಗ. 12ನೇ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ ಬರೆದ 'ಮಾನಸೋಲ್ಲಾಸ'ದಲ್ಲಿ ರಾಜನ ಭೋಗಗಳ ಪಟ್ಟಿಯಲ್ಲಿ ತಾಂಬೂಲಕ್ಕೂ ಜಾಗ ಇದೆ. ದೊಡ್ಡವರ ಎಲೆ ಚೀಲ ಹಿಡಿಯೋಕೇ ಒಬ್ಬ ಆಳು ಇರುತ್ತಿದ್ದ. ಆ ಚೀಲಕ್ಕೆ ಹಡಪ ಅಂತ ಹೆಸರು. ಬಸವಣ್ಣನವರ ಹಡಪ ಹಿಡಿದವರೇ ವಚನಕಾರ ಹಡಪದ ಅಪ್ಪಣ್ಣ. 1443ರಲ್ಲಿ ವಿಜಯನಗರಕ್ಕೆ ಬಂದ ಪರ್ಷಿಯಾದ ರಾಯಭಾರಿ ಅಬ್ದುರ್ ರಜಾಕ್‌ಗೂ ಅರಸನ ಆಸ್ಥಾನದಲ್ಲಿ ವೀಳ್ಯ ಸಿಕ್ಕಿತ್ತು. ಎಲೆಯ ಗುಣಗಾನವನ್ನ ಅವನು ಬರೆದಿಟ್ಟಿದ್ದಾನೆ.

ಆಂಡೀಸ್‌ನಲ್ಲೂ ಹೆಚ್ಚುಕಮ್ಮಿ ಇದೇ ಕತೆ. ಇಂಕಾ ಕಾಲದಲ್ಲಿ ಕೋಕಾಗೆ ಪೂಜೆಯ ಸ್ಥಾನ, ಅರಸರ ಉಡುಗೊರೆಯ ಸ್ಥಾನ. ಆಮೇಲೆ ಬಂದ ಸ್ಪ್ಯಾನಿಷರಲ್ಲಿ ಪಾದ್ರಿಗಳು ಅದನ್ನ ವಿರೋಧಿಸಿದರು. ಆದರೆ ಪೊಟೊಸಿಯ ಬೆಳ್ಳಿ ಗಣಿಯಲ್ಲಿ ಆಳುಗಳು ಕೋಕಾ ಇಲ್ಲದೆ ದುಡಿಯೋದು ಕಷ್ಟ ಅಂತ ಗೊತ್ತಾದಾಗ ವ್ಯಾಪಾರವೇ ಗೆದ್ದಿತು. ಅರಸರ ಎಲೆ ಆಳಿನ ಎಲೆ ಆಯ್ತು.

ನಮ್ಮ ಬೆಟ್ಟಕ್ಕೆ ಆ ತಿರುವು ಕಾಫಿಯ ಜೊತೆ ಬಂತು. ಇವತ್ತಿನ ಸಕಲೇಶಪುರ ತಾಲ್ಲೂಕಿನ ಹಳೇ ಹೆಸರು ಮಂಜರಾಬಾದ್. ಇಲ್ಲಿ 1843ರಲ್ಲಿ ಗ್ರೀನ್ ಅನ್ನೋ ಯುರೋಪಿಯನ್ ತೋಟ ಶುರು ಮಾಡಿದ. ಆಮೇಲೆ ರಾಬರ್ಟ್ ಎಲಿಯಟ್‌ನಂಥವರು ಬಂದರು. ಊರಿನ ಗೌಡರೂ ತೋಟ ಮಾಡಿದರು. ಕೆಲಸಕ್ಕೆ ಘಟ್ಟದ ಕೆಳಗಿನಿಂದ, ಬಯಲುಸೀಮೆಯಿಂದ ಜನ ಬಂದರು. ಅವರೆಲ್ಲರ ಸೊಂಟದಲ್ಲೂ ಸಂಚಿ. ಈಗ ಲೈನ್ ಮನೆಗಳಲ್ಲಿ ಅಸ್ಸಾಮಿನ ಕಾರ್ಮಿಕರು ಇದ್ದಾರೆ. ಅವರೂ 'ತಾಮೂಲ್ ಪಾನ್' ತಿನ್ನೋ ನಾಡಿನವರೇ. ಭಾಷೆ ಬೇರೆ, ಬಾಯಿ ಕೆಂಪು ಒಂದೇ.

ಒಂದು ವಿಷಯ ಗಮನಿಸಿ. ಸಂಚಿಯಲ್ಲಿರೋ ಹೊಗೆಸೊಪ್ಪು ನಮ್ಮದಲ್ಲ. ಅದು ಕೋಕಾದ ಹಾಗೆ ಅಮೆರಿಕದ್ದು, ಪೋರ್ಚುಗೀಸರ ಕಾಲದಲ್ಲಿ ಇಲ್ಲಿಗೆ ಬಂದದ್ದು. ಸೋಮೇಶ್ವರನ ತಾಂಬೂಲದಲ್ಲಿ ಅದು ಇರೋಕೆ ಸಾಧ್ಯವೇ ಇಲ್ಲ. ಹಾಗಾಗಿಯೇ "ಹೊಗೆಸೊಪ್ಪು ಬಿಟ್ಟರೆ ಸಾಕು, ಎಲೆ ಅಡಿಕೆ ಹಿರಿಯರ ಕಾಲದ್ದು, ಏನೂ ಆಗಲ್ಲ" ಅನ್ನೋ ವಾದ ಹುಟ್ಟಿದ್ದು. ಕೇಳೋಕೆ ಸರಿ ಅನ್ಸುತ್ತೆ. ಆದರೆ ಮೈ ಬೇರೆ ಲೆಕ್ಕ ಹೇಳುತ್ತೆ.

ವೀಳ್ಯದೆಲೆ ನಮ್ಮ ತೋಟದ ಕಾಳುಮೆಣಸಿನ ಹತ್ತಿರದ ನೆಂಟ, ಎರಡೂ ಒಂದೇ ಕುಲದ ಬಳ್ಳಿ. ಅಸಲಿ ಕೆಲಸ ಮಾಡೋದು ಅಡಿಕೆಯಲ್ಲಿರೋ ಅರೆಕೋಲಿನ್. ಅದರಿಂದ ಎಂಜಲು ಉಕ್ಕುತ್ತೆ, ಬೆವರು ಬರುತ್ತೆ, ಮೈ ಬಿಸಿಯಾಗುತ್ತೆ, ಎದೆ ಬಡಿತ ಜೋರಾಗುತ್ತೆ, ಮನಸ್ಸು ಚುರುಕಾಗುತ್ತೆ. ಅಂದ್ರೆ ಆಳುಗಳು ಹೇಳಿದ್ದು ಸುಳ್ಳಲ್ಲ. ಸಮಸ್ಯೆ ಏನಂದ್ರೆ ಅದೇ ಅಡಿಕೆ ಕೆನ್ನೆಯ ಒಳಗಿನ ನಾರನ್ನ ದಪ್ಪ ಮಾಡುತ್ತೆ. ಚರ್ಮ ಬಿಳಿಚಿಕೊಳ್ಳುತ್ತೆ, ಬಿಗಿಯಾಗುತ್ತೆ, ಬಾಯಿ ತೆರೆಯೋಕೆ ಆಗಲ್ಲ. ವೈದ್ಯರು ಇದನ್ನ ಸಬ್‌ಮ್ಯೂಕಸ್ ಫೈಬ್ರೋಸಿಸ್ ಅಂತಾರೆ. 1952ರಲ್ಲಿ ಪೂರ್ವ ಆಫ್ರಿಕಾದಲ್ಲಿ ನೆಲೆಸಿದ್ದ ಐವರು ಭಾರತೀಯ ಹೆಣ್ಣುಮಕ್ಕಳಲ್ಲಿ ಇದನ್ನ ಗುರುತಿಸಿದರು. ಮುಂದೆ ಇದು ಕ್ಯಾನ್ಸರ್‌ಗೂ ತಿರುಗಬಹುದು.

ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1985ರಲ್ಲಿ ಹೊಗೆಸೊಪ್ಪು ಸೇರಿದ ಎಲೆ ಅಡಿಕೆ ಮಾತ್ರ ಕ್ಯಾನ್ಸರ್‌ಕಾರಕ ಅಂದಿತ್ತು. 2004ರ ವರದಿಯಲ್ಲಿ ಮಾತು ಬದಲಾಯ್ತು. ಹೊಗೆಸೊಪ್ಪು ಇಲ್ಲದ ಎಲೆ ಅಡಿಕೆಯೂ, ಬರೀ ಅಡಿಕೆಯೂ ಮೊದಲ ಗುಂಪಿಗೆ ಸೇರಿದವು. ತಂಬಾಕು ಇರೋದೂ ಅದೇ ಗುಂಪಿನಲ್ಲಿ.

ವಿಚಿತ್ರ ನೋಡಿ. ಕೋಕಾ ಎಲೆಯನ್ನ 1961ರ ಅಂತಾರಾಷ್ಟ್ರೀಯ ಒಪ್ಪಂದ ಮಾದಕ ವಸ್ತುಗಳ ಪಟ್ಟಿಗೆ ಹಾಕಿತು, 25 ವರ್ಷದೊಳಗೆ ಅಗಿಯೋದೇ ನಿಲ್ಲಬೇಕು ಅಂತ ಹೇಳಿತು. ಎಲೆ ಬೇರೆ, ಕೊಕೇನ್ ಬೇರೆ ಅಂತ ಬೊಲಿವಿಯಾ ಆ ಒಪ್ಪಂದದಿಂದ ಹೊರಬಂದು, 2013ರಲ್ಲಿ ಅಗಿಯೋ ಹಕ್ಕನ್ನ ಉಳಿಸಿಕೊಂಡೇ ಮತ್ತೆ ಸೇರಿತು. ಅಡಿಕೆಗೆ ಅಂಥ ಜಾಗತಿಕ ನಿರ್ಬಂಧ ಯಾವುದೂ ಇಲ್ಲ. ಅದೇ 2013ರಲ್ಲಿ ಕರ್ನಾಟಕ ಗುಟ್ಕಾ ನಿಷೇಧಿಸಿತು. ಅಂಗಡಿಗಳಲ್ಲಿ ಪಾನ್ ಮಸಾಲಾ ಒಂದು ಪ್ಯಾಕೆಟ್, ತಂಬಾಕು ಇನ್ನೊಂದು ಪ್ಯಾಕೆಟ್ ಆಯ್ತು, ಅಷ್ಟೇ.

ಇದನ್ನ ನೇರವಾಗಿ ಮಾತಾಡೋದು ಕಷ್ಟ. ಯಾಕಂದ್ರೆ ಕಾಫಿ ನಡುವೆ ಅಡಿಕೆ ಹಾಕಿದ ರೈತನ ಸಾಲ, ಮಕ್ಕಳ ಫೀಸು ಅದರ ರೇಟಿನ ಮೇಲೆ ನಿಂತಿದೆ. ಮದುವೆ ಮಾತುಕತೆ ಎಲೆ ಅಡಿಕೆ ಇಲ್ಲದೆ ಮುಗಿಯಲ್ಲ. ನಿಷೇಧ ಮಾಡಿ ಅಂತ ನಾನು ಹೇಳ್ತಿಲ್ಲ. ಬಾಗಿನದಲ್ಲಿ ಕೊಡೋ ಅಡಿಕೆಯಿಂದ ಯಾರಿಗೂ ರೋಗ ಬರಲ್ಲ. ಬೆಳಿಗ್ಗೆಯಿಂದ ಸಂಜೆವರೆಗೆ ಕೆನ್ನೆಯಲ್ಲಿರೋ ಅಡಿಕೆಯಿಂದ ಬರುತ್ತೆ. ಬೆಲೆ ಒಬ್ಬರ ಖಾತೆಗೆ ಜಮಾ ಆದರೆ ಖರ್ಚು ಇನ್ನೊಬ್ಬರ ಬಾಯಿಗೆ ಬೀಳುತ್ತೆ. ಈ ಲೆಕ್ಕ ಯಾವ ಪುಸ್ತಕದಲ್ಲೂ ಬರೆದಿರಲ್ಲ.

ಕೊನೆಗೆ ಒಂದು ಸುಲಭ ಪರೀಕ್ಷೆ. ಮೂರು ಬೆರಳನ್ನ ಒಂದರ ಮೇಲೊಂದು ಜೋಡಿಸಿ ನೆಟ್ಟಗೆ ಬಾಯೊಳಗೆ ಇಡಿ. ಹೋಗಲ್ಲ ಅಂದ್ರೆ, ಅಥವಾ ಸ್ವಲ್ಪ ಖಾರಕ್ಕೂ ಬಾಯಿ ಉರಿಯುತ್ತೆ ಅಂದ್ರೆ, ಹಲ್ಲಿನ ಡಾಕ್ಟರ್ ಹತ್ತಿರ ತೋರಿಸಿ. ಬಿಗಿಯಾದ ಚರ್ಮ ಮೊದಲಿನಂತಾಗೋದು ಕಷ್ಟ, ಆದರೆ ಅಡಿಕೆ ಬಿಟ್ಟರೆ ಕ್ಯಾನ್ಸರ್ ಅಪಾಯ ಕಮ್ಮಿಯಾಗುತ್ತೆ. ನಿಮ್ಮ ತೋಟದಲ್ಲಿ, ಲೈನ್ ಮನೆಯಲ್ಲಿ ಇರೋರಿಗೂ ಇದನ್ನ ಹೇಳಿ.